ಗಿಟಾರ್ ಮೇಲೆ ಹೆಸರು ಹಾಕ್ಸಿದ್ರೆ ಕೈಗೆ ಎಷ್ಟು ಬರುತ್ತೆ?

ಹೋದ ವಾರ ಕ್ಲಾಸ್ ಮುಗ್ಸಿ ಗಿಟಾರ್ ಬ್ಯಾಗಿಗೆ ಹಾಕ್ತಾ ಇದ್ದೆ, ನನ್ ಹತ್ರ ಕಲಿಯೋಕೆ ಬರೋ ಪಿಯುಸಿ ಹುಡುಗ ಒಬ್ಬ ಕೇಳ್ದ, "ಸರ್, ನೀವು ಇದನ್ನ ತಗೊಂಡಾಗ ಸ್ಟೀವ್ ವಾಯ್‌ಗೆ ಎಷ್ಟು ದುಡ್ಡು ಹೋಯ್ತು?" ಅಂತ. ವಾಯ್ ಅಂದ್ರೆ ಅಮೆರಿಕದ ಹೆಸರಾಂತ ಗಿಟಾರ್ ವಾದಕ. ನನ್ನದು ಐಬನೆಜ್ ಅನ್ನೋ ಕಂಪನಿ ಅವರ ಹೆಸರಲ್ಲಿ ಮಾಡೋ ಜೆಮ್ ಗಿಟಾರಿನ ಕಮ್ಮಿ ಬೆಲೆ ರೂಪ, ಜೆಮ್ ಜೂನಿಯರ್, ಬಿಳೀದು, ಬಾಡಿ ಮೇಲ್ಗಡೆ ನಾಲ್ಕು ಬೆರಳು ತೂರಿಸಿ ಎತ್ಕೊಳ್ಳೋ ಹಾಗೆ ಹಿಡಿಕೆ ಕೊರೆದಿದಾರಲ್ಲ, ಮಂಕಿ ಗ್ರಿಪ್ ಅಂತಾರೆ, ಅದೇ ಗಿಟಾರ್. ಫ್ರೆಟ್‌ಬೋರ್ಡ್ (ಬೆರಳು ಒತ್ತೋ ಪಟ್ಟಿ) ಉದ್ದಕ್ಕೂ ಬಳ್ಳಿ ಹಬ್ಬಿದ ಹಾಗೆ ಇನ್‌ಲೇ, ಅಂದ್ರೆ ಕೆತ್ತಿ ಕೂರಿಸಿದ ಚಿತ್ತಾರ ಇದೆ. ಹಿಡಿಕೆಯ ಅಂಚಲ್ಲಿ ಪೇಂಟ್ ಒಂಚೂರು ಹಳದಿ ತಿರುಗಿದೆ, ಹಳೇ ಓನರ್ ಅಲ್ಲೇ ಹಿಡ್ಕೊಂಡು ಓಡಾಡ್ತಿದ್ರು ಅನ್ಸುತ್ತೆ. ಅಂದ್ರೆ ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್. ಸೋ ಉತ್ತರ: ನನ್ನಿಂದ ವಾಯ್‌ಗೆ ಒಂದು ಪೈಸಾನೂ ಹೋಗಿಲ್ಲ.

ಹುಡುಗ ಪಾಪ ಸಪ್ಪಗಾದ. ಅವನಿಗೆ ಅಲ್ಲಿ ನಿಂತ್ಕೊಂಡೇ ಅರ್ಧ ಗಂಟೆ ವಿವರಿಸಿದೆ, ಆದ್ರೂ ಹೇಳ್ಬೇಕಾಗಿದ್ದು ಇನ್ನೂ ಉಳೀತು, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಲೆಕ್ಕ. ಹೀಗೆ ಕಲಾವಿದರ ಹೆಸರಲ್ಲಿ ಬರೋ ಗಿಟಾರಿಗೆ ಸಿಗ್ನೇಚರ್ ಮಾಡೆಲ್ ಅಂತಾರೆ, ಅದಕ್ಕೆ ಅವರಿಗೆ ಸಿಗೋದು ಸಾಮಾನ್ಯವಾಗಿ ರಾಯಲ್ಟಿ, ಮಾರಾಟ ಆದ ಪ್ರತಿ ಗಿಟಾರಿಗೆ ಇಷ್ಟು ಅಂತ. ಆದ್ರೆ ಆ ಪರ್ಸೆಂಟ್ ಅಂಗಡಿ ಬೋರ್ಡಲ್ಲಿ ಕಾಣೋ ರೇಟ್ ಮೇಲಲ್ಲ, ಹೆಚ್ಚಿನ ಕಡೆ ಕಂಪನಿಯವರು ಡೀಲರ್‌ಗೆ ಕೊಡೋ ಹೋಲ್‌ಸೇಲ್ ರೇಟ್ ಮೇಲೆ, ಅದೂ ಒಂದಂಕಿ ಪರ್ಸೆಂಟು. ಅಮೆರಿಕದ ಗಾಯಕ, ಗಿಟಾರ್ ವಾದಕ ಜಾನ್ ಮೇಯರ್‌ದು ತಗೊಳ್ಳಿ. 2014ರಲ್ಲಿ ಫೆಂಡರ್ ಅನ್ನೋ ಗಿಟಾರ್ ಕಂಪನಿ ಬಿಟ್ಟು 2018ರಲ್ಲಿ ಪಿಆರ್‌ಎಸ್ ಅನ್ನೋ ಇನ್ನೊಂದು ಕಂಪನಿ ಜೊತೆ ಸಿಲ್ವರ್ ಸ್ಕೈ ಅನ್ನೋ ಗಿಟಾರ್ ಮಾಡಿದ್ರು, ಆಗಿನ ಬೆಲೆ 2,299 ಡಾಲರ್. ನಾಲ್ಕು ವರ್ಷ ಬಿಟ್ಟು ಎಸ್‌ಇ ಸಿಲ್ವರ್ ಸ್ಕೈ ಅಂತ ಕಮ್ಮಿ ಬೆಲೆದು ಬಂತು, ಆಗ 849 ಡಾಲರ್. ಅವರ ಅಗ್ರಿಮೆಂಟ್ ನಾನೇನು ನೋಡಿಲ್ಲ, ಬರೀ ಲೆಕ್ಕಕ್ಕೆ ಅಂತ ಡೀಲರ್ ರೇಟ್ 600 ಇಟ್ಕೊಳ್ಳೋಣ, ರಾಯಲ್ಟಿ 5 ಪರ್ಸೆಂಟ್ ಇಟ್ಕೊಳ್ಳೋಣ. ಒಂದು ಗಿಟಾರಿಗೆ 30 ಡಾಲರ್. ದುಬಾರಿದಕ್ಕೆ ಡೀಲರ್ ರೇಟ್ 1,600 ಅಂದ್ಕೊಂಡ್ರೆ 80 ಡಾಲರ್. ಕೇಳೋಕೆ ಎಂಬತ್ತೇ ಚೆನ್ನಾಗಿದೆ, ಆದ್ರೆ ದುಬಾರಿದು 500 ಹೋದ್ರೆ 40,000 ಡಾಲರ್, ಕಮ್ಮಿದು 5,000 ಹೋದ್ರೆ ಒಂದೂವರೆ ಲಕ್ಷ ಡಾಲರ್. ದೊಡ್ಡ ದೊಡ್ಡ ಕಲಾವಿದರು ಸ್ಟೂಡೆಂಟ್ ರೇಂಜ್ ಗಿಟಾರಿಗೆ ಯಾಕೆ ಹೆಸರು ಕೊಡ್ತಾರೆ ಅಂತ ನಾನೂ ಒಂದು ಕಾಲದಲ್ಲಿ ಬೇಜಾರು ಮಾಡ್ಕೊಂಡಿದ್ದೆ, ಈ ಲೆಕ್ಕ ಹಾಕಿದ ಮೇಲೆ ಬೇಜಾರು ಹೋಯ್ತು. ನನ್ನಂಥವರ ಕೈಗೆ ಜೆಮ್ ಸಿಕ್ಕಿದ್ದೂ ಅದೇ ಕಾರಣಕ್ಕೆ ಅಲ್ವಾ.

ಉಳಿದ ದುಡ್ಡೆಲ್ಲ ಕಂಪನಿ ಜೇಬಿಗೆ ಹೋಗುತ್ತೆ ಅಂತಾನೂ ಅಲ್ಲ, ಮರ, ಕೂಲಿ, ಹಡಗು, ಅಂಗಡಿಯವರ ಮಾರ್ಜಿನ್ ಎಲ್ಲ ಇದೆ. ಅಂದ ಹಾಗೆ ಕ್ಯಾಟಲಾಗಲ್ಲಿ ಈಸ್ಟ್ ಇಂಡಿಯನ್ ರೋಸ್‌ವುಡ್ ಅಂತ ಹಾಕಿರ್ತಾರಲ್ಲ, ಅದು ನಮ್ಮ ಬೀಟೆ ಮರಾನೇ, ಮಲೆನಾಡು ಕೊಡಗಿನ ಕಾಡಲ್ಲಿ ಬೆಳೆಯೋದೇ. 2017ರಲ್ಲಿ ರೋಸ್‌ವುಡ್ ವ್ಯಾಪಾರಕ್ಕೆ ಅಂತಾರಾಷ್ಟ್ರೀಯ ನಿರ್ಬಂಧ ಬಿದ್ದಾಗ ಫೆಂಡರ್ ಥರದ ಕಂಪನಿಗಳು ಎಷ್ಟೋ ಮಾಡೆಲ್‌ಗಳಲ್ಲಿ ಬೇರೆ ಮರ ಹಾಕಿದ್ವು, 2019ರಲ್ಲಿ ರೆಡಿ ವಾದ್ಯಗಳಿಗೆ ವಿನಾಯಿತಿ ಸಿಕ್ತು.

ಸ್ಟೀವ್ ವಾಯ್ ಕಥೆಗೆ ಬರ್ತೀನಿ. ಅವರು ರಾಕ್ ಗಾಯಕ ಡೇವಿಡ್ ಲೀ ರಾತ್ ಬ್ಯಾಂಡಲ್ಲಿ ಇದ್ದಾಗ ತನಗೆ ಯಾವ ಥರ ಗಿಟಾರ್ ಬೇಕು ಅಂತ ಬರೆದು ಹಲವು ಕಂಪನಿಗಳಿಗೆ ಕಳಿಸಿದ್ರು, ಐಬನೆಜ್‌ನವರು ಕೆಲವೇ ವಾರದಲ್ಲಿ ಮಾಡ್ಕೊಂಡು ಬಂದ್ರು. 1987ರಲ್ಲಿ ಜೆಮ್ ಬಂತು. ಅದರಲ್ಲಿ ಹೂವಿನ ಡಿಸೈನ್‌ದು ಒಂದಿದೆ, ಆ ಹೂವು ವಾಯ್ ಮನೆ ಕರ್ಟನ್ ಬಟ್ಟೇದು, ಆ ಬಟ್ಟೆ ಗಿಟಾರ್ ಮೇಲೆ ಅಂಟಿಸಿ ಮೇಲೆ ಫಿನಿಶ್ ಹೊಡೆದಿದ್ದು. ನನಗೆ ಮುಖ್ಯ ಅನ್ಸೋದು ಇದಲ್ಲ. ಅದೇ 1987ರಲ್ಲಿ ಐಬನೆಜ್ ಆರ್‌ಜಿ ಅಂತ ಸೀರೀಸ್ ಶುರು ಮಾಡ್ತು, ಹಿಡಿಕೆ ಇಲ್ಲ, ಬಳ್ಳಿ ಇಲ್ಲ, ಉಳಿದಿದ್ದು ಹೆಚ್ಚುಕಮ್ಮಿ ಜೆಮ್‌ನದ್ದೇ ಸರಳ ರೂಪ, ಇವತ್ತು ಹೆವಿ ಮೆಟಲ್ ಸಂಗೀತ ಬಾರಿಸೋ ಪ್ರತಿ ಮೂರನೇ ಹುಡುಗನ ಕೈಲಿ ಅದಿರುತ್ತೆ ಮತ್ತೆ ಅದರ ಮೇಲೆ ವಾಯ್ ಹೆಸರಿಲ್ಲ. ಒಬ್ಬ ಕಲಾವಿದ ತಲೆ ಓಡಿಸಿ ಮಾಡಿದ ಗಿಟಾರಿಂದ ಕಂಪನಿಗೆ ಸಿಗೋ ಲಾಭ ಹೆಸರಿರೋ ಮಾಡೆಲ್ಲಿಗೇ ನಿಲ್ಲಲ್ಲ, ಅದನ್ನೇ ನಾನು ಹುಡುಗನಿಗೆ ಒತ್ತಿ ಹೇಳಿದ್ದು.

ಲೆಸ್ ಪಾಲ್ ಅವರದ್ದು ಇನ್ನೂ ಹಳೇ ಉದಾಹರಣೆ. ಎಷ್ಟೋ ಜನಕ್ಕೆ ಅದು ಒಬ್ಬ ಮನುಷ್ಯನ ಹೆಸರು ಅಂತಾನೇ ಗೊತ್ತಿಲ್ಲ, ಗಿಟಾರ್ ಹೆಸರು ಅಂದ್ಕೊಂಡಿದಾರೆ. ಅವರು ಅಮೆರಿಕದ ಗಿಟಾರ್ ವಾದಕ, ಮರದ ದಿಮ್ಮಿಗೆ ಪಿಕಪ್ (ತಂತಿಯ ಸದ್ದನ್ನ ಕರೆಂಟ್ ಸಿಗ್ನಲ್ ಮಾಡೋದು) ಹಾಕಿ ಗಿಬ್ಸನ್ ಅನ್ನೋ ಗಿಟಾರ್ ಕಂಪನಿಗೆ ತೋರಿಸಿದಾಗ ವಾಪಸ್ ಕಳಿಸಿದ್ರಂತೆ, ಆಮೇಲೆ ಫೆಂಡರ್ ಸಾಲಿಡ್ ಬಾಡಿ, ಅಂದ್ರೆ ಒಳಗೆ ಟೊಳ್ಳಿಲ್ಲದ ಗಿಟಾರ್ ಮಾರೋಕೆ ಶುರು ಮಾಡಿದ ಮೇಲೆ ಇವರನ್ನ ಹುಡ್ಕೊಂಡು ಬಂದ್ರು, 1952ರಲ್ಲಿ ಅವರ ಹೆಸರಿನ ಮೊದಲ ಗಿಟಾರ್, ಚಿನ್ನದ ಬಣ್ಣದ ಗೋಲ್ಡ್‌ಟಾಪ್ ಬಂತು. 1961ರಲ್ಲಿ ಗಿಬ್ಸನ್ ಅದರ ಆಕಾರಾನೇ ಬದಲಾಯಿಸ್ತು, ಈಗ ನಾವು ಎಸ್‌ಜಿ ಅನ್ನೋದು ಅದೇ. ಆ ಹೊತ್ತಿಗೆ ಲೆಸ್ ಪಾಲ್ ಮತ್ತೆ ಅವರ ಹೆಂಡತಿ, ಗಾಯಕಿ ಮೇರಿ ಫೋರ್ಡ್ ಸಂಸಾರ ಮುರಿದು ಬೀಳ್ತಿತ್ತು, ಗಿಬ್ಸನ್ ಅಗ್ರಿಮೆಂಟ್ ಮುಂದುವರೀಲಿಲ್ಲ, ಗಿಟಾರಿಂದ ಹೆಸರೂ ಹೋಯ್ತು. ಅಷ್ಟರಲ್ಲಿ ಎರಿಕ್ ಕ್ಲ್ಯಾಪ್ಟನ್, ಮೈಕ್ ಬ್ಲೂಮ್‌ಫೀಲ್ಡ್ ಅಂಥವರು ಹಳೇ ಲೆಸ್ ಪಾಲ್ ಹಿಡ್ಕೊಂಡು ಬಾರಿಸೋಕೆ ಶುರು ಮಾಡಿದ್ರು, ಜನ ಮತ್ತೆ ಅದನ್ನೇ ಕೇಳಿದ್ರು, 1968ರಲ್ಲಿ ಹೆಸರಿನ ಸಮೇತ ವಾಪಸ್ ತಂದ್ರು. ಲೆಸ್ ಪಾಲ್ 2009ರಲ್ಲಿ 94ನೇ ವಯಸ್ಸಲ್ಲಿ ತೀರ್ಕೊಂಡ್ರು, ಕೊನೇವರೆಗೂ ನ್ಯೂಯಾರ್ಕ್‌ನಲ್ಲಿ ಸೋಮವಾರ ಸೋಮವಾರ ಕ್ಲಬ್ಬಲ್ಲಿ ಬಾರಿಸ್ತಿದ್ರು. 1959ರ ಸನ್‌ಬರ್ಸ್ಟ್ ಲೆಸ್ ಪಾಲ್ ಹೊಸದಾಗಿದ್ದಾಗ 300 ಡಾಲರಿಗಿಂತ ಕಮ್ಮಿ, ಈಗ ಅದೇ ಗಿಟಾರ್ ಲಕ್ಷಗಟ್ಟಲೆ ಡಾಲರಿಗೆ ಕೈ ಬದಲಾಗುತ್ತೆ, ಅದರಲ್ಲಿ ಹೆಸರಿನವರಿಗೆ ಏನೂ ಇಲ್ಲ, ನನ್ನ ಜೆಮ್ ಥರಾನೇ. ಗಾಯಕರ ಹಾಡು ಮತ್ತೆ ಮತ್ತೆ ಪ್ಲೇ ಆದ್ರೆ ದುಡ್ಡು ಬರುತ್ತೆ, ಗಿಟಾರ್ ಮತ್ತೆ ಮತ್ತೆ ಮಾರಾಟ ಆದ್ರೆ ಬರಲ್ಲ.

ಆ ಕಾಲದ ಒಂದು ಲೆಸ್ ಪಾಲ್ ಗಿಟಾರ್ ಇಂಗ್ಲೆಂಡಿನ ವಾದಕ ಪೀಟರ್ ಗ್ರೀನ್ ಹತ್ರ ಇತ್ತು, ಅವರ ಹೆಸರಿಂದಾನೇ ಗ್ರೀನಿ ಅಂತಾರೆ, ಆಮೇಲೆ ಗ್ಯಾರಿ ಮೂರ್ ಹತ್ರ, ಈಗ ಮೆಟಾಲಿಕಾ ಬ್ಯಾಂಡಿನ ಕಿರ್ಕ್ ಹ್ಯಾಮೆಟ್ ಹತ್ರ. 2023ರಲ್ಲಿ ಗಿಬ್ಸನ್ ಅದರ ಕಾಪಿನ ಕಿರ್ಕ್ ಹ್ಯಾಮೆಟ್ ಗ್ರೀನಿ ಲೆಸ್ ಪಾಲ್ ಅಂತ ಮಾರ್ತು. ಒಂದೇ ಗಿಟಾರಲ್ಲಿ ಮೂರು ಜನರ ಹೆಸರು! ಆ ಗಿಟಾರಿನ ಸೌಂಡ್ ಲೋಕಕ್ಕೆ ಕೇಳಿಸಿದ ಪೀಟರ್ ಗ್ರೀನ್ 2020ರಲ್ಲೇ ಹೋಗ್ಬಿಟ್ಟಿದ್ರು.

ಇದನ್ನೆಲ್ಲ ಸರಿಯಾಗಿ ಅರ್ಥ ಮಾಡ್ಕೊಂಡಿದ್ದು ನನ್ನ ಪ್ರಕಾರ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್. 1991ರಲ್ಲಿ ಮ್ಯೂಸಿಕ್ ಮ್ಯಾನ್ ಅನ್ನೋ ಕಂಪನಿ ಜೊತೆ ಅವರ ಹೆಸರಿನ ಗಿಟಾರ್ ಬಂತು, ತುಂಬಾ ಒಳ್ಳೇ ಗಿಟಾರ್. ಕೆಲವು ವರ್ಷಕ್ಕೆ ಸಂಬಂಧ ಮುಗೀತು, ಎಡ್ಡಿ ಹೋದ್ರು, ಗಿಟಾರ್ ಹೋಗ್ಲಿಲ್ಲ, ಆಕ್ಸಿಸ್ ಅನ್ನೋ ಹೆಸರಲ್ಲಿ ಕಂಪನಿ ಅದನ್ನ ಮಾರ್ತಾನೇ ಇತ್ತು. ಮುಂದಿನ ಸಲ ಪೀವಿ ಅನ್ನೋ ಕಂಪನಿ ಜೊತೆ ಮಾಡಿದಾಗ ಗಿಟಾರಿಗೆ ಮಗನ ಹೆಸರು ಇಟ್ರು, ವುಲ್ಫ್‌ಗ್ಯಾಂಗ್. ಆಂಪ್‌ಗೆ (ಗಿಟಾರ್ ಸೌಂಡ್ ಜೋರು ಮಾಡೋ ಆಂಪ್ಲಿಫೈಯರ್) ತನ್ನ ಮನೆ ಸ್ಟುಡಿಯೋ ಹೆಸರು, 5150. 2004ರಲ್ಲಿ ಪೀವಿಯಿಂದ ಹೊರಗೆ ಬಂದಾಗ ಆ ಹೆಸರುಗಳು ಅವರ ಜೊತೆಗೇ ಬಂದ್ವು! ಪೀವಿಯವರು ಅದೇ ಆಂಪ್‌ಗೆ ಹೊಸ ಹೆಸರು ಹುಡುಕ್ಬೇಕಾಯ್ತು, 6505 ಅಂತ ಇಟ್ರು, ಕಂಪನಿ ಶುರುವಾದ 1965ರಿಂದ 2005ರವರೆಗೆ 40 ವರ್ಷ ಅನ್ನೋ ಲೆಕ್ಕದಲ್ಲಿ. ಎಡ್ಡಿ ಫೆಂಡರ್ ಜೊತೆ ಇವಿಎಚ್ ಅಂತ ತನ್ನದೇ ಬ್ರ್ಯಾಂಡ್ ಕಟ್ಟಿದ್ರು, ವುಲ್ಫ್‌ಗ್ಯಾಂಗ್, 5150 ಎರಡೂ ಅಲ್ಲಿ ಮತ್ತೆ ಬಂದ್ವು, 2020ರಲ್ಲಿ ಅವರು ಹೋದ ಮೇಲೂ ನಡೀತಾ ಇದೆ. ಎಷ್ಟು ಪರ್ಸೆಂಟ್ ಅನ್ನೋದಕ್ಕಿಂತ ಹೆಸರು ಯಾರದ್ದು, ಆಕಾರ ಯಾರದ್ದು ಅನ್ನೋದು ಎಷ್ಟು ದೊಡ್ಡ ವಿಷ್ಯ ಅಂತ ಮ್ಯೂಸಿಕ್ ಮ್ಯಾನ್, ಪೀವಿ ಈ ಎರಡು ಅಗ್ರಿಮೆಂಟ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ.

ಇದೆಲ್ಲ ಮೇಲಿನವರ ಮಾತು. ಕೆಳಗಡೆ ಎಂಡಾರ್ಸ್‌ಮೆಂಟ್ (ಕಲಾವಿದ ಒಂದು ಬ್ರ್ಯಾಂಡ್ ಬಳಸಿ ಪ್ರಚಾರ ಮಾಡೋ ಒಪ್ಪಂದ) ಅಂದ್ರೆ ಬಹಳ ಸಲ ಬರೀ ಡಿಸ್ಕೌಂಟ್. ಬೆಂಗಳೂರಲ್ಲಿ ನನ್ನ ಫ್ರೆಂಡ್ ಒಬ್ಬ ಇದಾನೆ, ರೆಕಾರ್ಡಿಂಗಿಗೂ ಮದುವೆ ರಿಸೆಪ್ಷನ್‌ಗೂ ಬಾರಿಸ್ತಾನೆ, ಬಹಳ ಚೆನ್ನಾಗಿ ಬಾರಿಸ್ತಾನೆ. ಅವನಿಗೆ ಒಂದು ಕಂಪನಿಯಿಂದ ಆರ್ಟಿಸ್ಟ್ ಆಗ್ತೀರಾ ಅಂತ ಮೇಲ್ ಬಂತು, ಖುಷಿಯಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡ್ದ. ಓದಿ ನೋಡಿದ್ರೆ ಗಿಟಾರ್ ಅವನೇ ದುಡ್ಡು ಕೊಟ್ಟು ತಗೋಬೇಕು, 25 ಪರ್ಸೆಂಟ್ ಕಮ್ಮಿಗೆ, ತಿಂಗಳಿಗೆ ನಾಲ್ಕು ರೀಲ್ಸ್ ಹಾಕ್ಬೇಕು, ಒಂದು ವರ್ಷ ಬೇರೆ ಬ್ರ್ಯಾಂಡ್ ಗಿಟಾರ್ ಹಿಡ್ಕೊಂಡು ಸ್ಟೇಜಲ್ಲಿ ಕಾಣಿಸ್ಕೋಬಾರ್ದು. ಮತ್ತೆ ಮುಂದೆ ಅವನು ಹೇಳಿದ ಹಾಗೆ ಏನಾದ್ರೂ ಡಿಸೈನ್ ಮಾಡಿದ್ರೆ ಅದು ಕಂಪನಿದು ಅಂತ ಚಿಕ್ಕ ಅಕ್ಷರದಲ್ಲಿ ಒಂದು ಸಾಲು. ನನಗೆ ನಿಜವಾಗ್ಲೂ ಹೊಟ್ಟೆ ಉರೀತು. ಒಂದೇ ಗಿಟಾರಲ್ಲಿ ಅವನ ಸಂಸಾರ ನಡೀತಿದೆ, ಅದನ್ನ ಮನೇಲಿ ಇಟ್ಟು ಹೋಗು ಅಂತಿದಾರೆ.

ಇಬ್ರೂ ಕೂತು ಉತ್ತರ ಬರೆದ್ವಿ. ರೀಲ್ಸ್ ಎರಡು ಹಾಕ್ತೀನಿ, ಬೇರೆ ಗಿಟಾರ್ ಬಾರಿಸೋಕೆ ಅಡ್ಡಿ ಇರ್ಬಾರ್ದು, ನನ್ನ ಐಡಿಯಾ ನಿಮ್ಮ ಪ್ರಾಡಕ್ಟಲ್ಲಿ ಬಂದ್ರೆ ಪ್ರತಿ ಪೀಸಿಗೆ ಇಷ್ಟು ಅಂತ ಬರ್ಕೊಡಿ, ಬಿಟ್ಟು ಹೋದ್ರೂ ಅದು ನಿಲ್ಲಬಾರ್ದು. ಕಳಿಸಿ ಹತ್ತೊಂಬತ್ತು ದಿನ ಆಯ್ತು, ಇನ್ನೂ ಉತ್ತರ ಬಂದಿಲ್ಲ. ನಿನ್ನೆ ರಿಸೆಪ್ಷನ್‌ಗೆ ಅವನು ತನ್ನ ಹಳೇ ಗಿಟಾರ್ ತಗೊಂಡೇ ಹೋಗಿದ್ದ.