ಒಂದು ತಪ್ಪು ಮೊತ್ತ, ಎರಡು ಸ್ಲೈಸ್

ಇವತ್ತು ಇಡೀ ಮಧ್ಯಾಹ್ನ ನನ್ನ ಪ್ರೋಗ್ರಾಂನ ಒಂದೇ ವೇರಿಯಬಲ್ ಹಿಂದೆ ಬಿದ್ದಿದ್ದೆ. ಕೊನೆಗೆ ಬರುವ ಮೊತ್ತ ತಪ್ಪು. ಮೊದಲು ಸ್ಟ್ಯಾಟಿಕ್ ಸ್ಲೈಸ್ ತೆಗೆದೆ. ಪ್ರೋಗ್ರಾಂ ಓಡಿಸುವುದೇ ಬೇಡ, ಯಾವ ಇನ್‌ಪುಟ್ ಬಂದರೂ ಆ ಮೊತ್ತವನ್ನು ಬದಲಿಸಬಹುದಾದ ಸಾಲುಗಳೆಲ್ಲ ಅದರಲ್ಲಿರುತ್ತವೆ. ಪಾಯಿಂಟರ್‌ಗಳು (ಮೆಮೊರಿಯ ಬೇರೆ ಜಾಗವನ್ನು ತೋರಿಸುವ ವೇರಿಯಬಲ್‌ಗಳು) ಜಾಸ್ತಿ ಇದ್ದವು, ಯಾವುದು ಎಲ್ಲಿಗೆ ತೋರಿಸುತ್ತದೆ ಅಂತ ಓಡಿಸದೆ ಖಚಿತವಾಗಲ್ಲ, ಹಾಗಾಗಿ ಅರ್ಧ ಫೈಲೇ ಬಂತು.

ಆಮೇಲೆ ತಪ್ಪು ಮೊತ್ತ ಕೊಟ್ಟ ಇನ್‌ಪುಟ್ಟನ್ನೇ ಹಾಕಿ ಓಡಿಸಿ ಡೈನಾಮಿಕ್ ಸ್ಲೈಸ್ ತೆಗೆದೆ, ಅಂದರೆ ಆ ಓಟದಲ್ಲಿ ಮೊತ್ತದ ಮೇಲೆ ನಿಜಕ್ಕೂ ಪರಿಣಾಮ ಬೀರಿದ ಸಾಲುಗಳು ಮಾತ್ರ. ಬರೀ 11 ಸಾಲು! ಲೂಪಿನ ಹಿಂದಿನ ಸುತ್ತಿನ ಕೌಂಟರ್ ಬೆಲೆ ಸೊನ್ನೆಯಾಗದೆ ಮುಂದಿನ ಸುತ್ತಿಗೆ ಹರಿದಿತ್ತು. ಎಷ್ಟು ಖುಷಿಯಾಯಿತು ಗೊತ್ತಾ! ಕಂಪ್ಯೂಟರ್ ವಿಜ್ಞಾನಿ ವೈಸರ್ 1981ರಲ್ಲಿ ಬರೆದ ಸ್ಲೈಸಿಂಗ್ ಯೋಚನೆಯನ್ನು ಸಂಶೋಧಕರಾದ ಕೋರೆಲ್ ಮತ್ತು ಲಾಸ್ಕಿ 1988ರಲ್ಲಿ ಪ್ರೋಗ್ರಾಂನ ಒಂದೇ ಓಟಕ್ಕೆ ಸೀಮಿತಗೊಳಿಸಿದ್ದು ನಿಜಕ್ಕೂ ದೊಡ್ಡ ಉಪಕಾರ.

ಆದರೆ ಅದು ಆ ಒಂದು ಓಟದ ಕಥೆ ಮಾತ್ರ, ಅಲ್ವಾ? ಬೇರೆ ಇನ್‌ಪುಟ್ ಬಂದರೆ ಏನಾಗಬಹುದು ಅಂತ ನೋಡಲು, ತಿದ್ದುವ ಮೊದಲು ಸ್ಟ್ಯಾಟಿಕ್ ಸ್ಲೈಸನ್ನೇ ಮತ್ತೆ ತೆರೆದು ಕೂತಿದ್ದೇನೆ.