ಡ್ರಿಪ್ ಹಾಕಿಸಿದರೂ ಬಾವಿ ಇಳಿದದ್ದು ಯಾಕೆ

ಕೊಳವೆಬಾವಿಗಳ ನೀರಿನ ಮಟ್ಟ ಅಳೆಯುವುದು ನನ್ನ ಕೆಲಸ. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಒಳಗೆ ಇಳಿಬಿಡುತ್ತೇನೆ. ಮೇಲೆಳೆದಾಗ ಸುಣ್ಣ ಎಲ್ಲಿವರೆಗೆ ಒದ್ದೆಯಾಗಿದೆಯೋ ಅಲ್ಲಿಗೆ ನೀರು. ರಾತ್ರಿಯಿಡೀ ಮೋಟಾರು ನಿಂತಿರಬೇಕು, ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಹಾಗಾಗಿ ಬೆಳಗಿನ ಜಾವಕ್ಕೇ ಹೊಲದಲ್ಲಿರುತ್ತೇನೆ.

ಒಬ್ಬ ರೈತರಿಗೆ ನಾನೇ ಒತ್ತಾಯ ಮಾಡಿ ಹನಿ ನೀರಾವರಿ ಹಾಕಿಸಿದ್ದೆ. 'ಮುಂದಿನ ವರ್ಷ ಮಟ್ಟ ಮೇಲೆ ಬರುತ್ತೆ ನೋಡಿ' ಅಂದಿದ್ದೆ. ಮಳೆ ಹೆಚ್ಚುಕಮ್ಮಿ ಅಷ್ಟೇ ಆಯ್ತು. ಮರುವರ್ಷ ಅದೇ ತಿಂಗಳು ಅಳೆದರೆ ಮೊದಲಿಗಿಂತ 2 ಮೀಟರ್ ಕೆಳಗೆ! ನಾನೇ ಎಡವಿರಬೇಕು ಅಂತ ಮತ್ತೆ ಸುಣ್ಣ ಬಳಿದು ಇಳಿಸಿದೆ. ಅದೇ ಅಂಕಿ.

ಆಮೇಲೆ ಹೊಲ ಸುತ್ತಿದೆ. ಪೈಪುಗಳು ಹಳೆ ಬದು ದಾಟಿ ಆಚೆಗೂ ಹೋಗಿದ್ದವು. ಮಿಕ್ಕ ನೀರಿನಲ್ಲಿ ಇನ್ನಷ್ಟು ಜಮೀನಿಗೆ ಬೆಳೆ ಇಟ್ಟಿದ್ದರು. ಅವರದ್ದೇನು ತಪ್ಪು? ನೀರು ಮಿಕ್ಕರೆ ಯಾರು ತಾನೇ ಸುಮ್ನೆ ಬಿಡ್ತಾರೆ? ತಪ್ಪಿದ್ದು ನನ್ನ ಲೆಕ್ಕ. ಮೊದಲು ನೀರು ಹಾಯಿಸುತ್ತಿದ್ದಾಗ ಬೇರು ಕುಡಿದು ಉಳಿದದ್ದರಲ್ಲಿ ಒಂದು ಪಾಲು ಮತ್ತೆ ಕೆಳಗೆ ಇಂಗುತ್ತಿತ್ತು. ಅದನ್ನೂ ನಾನು ಪೋಲು ಅಂತಲೇ ಬರೆದುಕೊಂಡಿದ್ದೆ. ಈಗ ಇಂಗುವುದು ಕಮ್ಮಿ, ಕುಡಿಯುವ ಬೇರು ಜಾಸ್ತಿ.

ಗಟ್ಟಿ ಬಂಡೆಯ ನೆಲದಲ್ಲಿ ಇದು ಬೇಗ ಕಾಣುತ್ತದೆ. ಅಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ. ಬಂಡೆಯ 100 ಪಾಲಿನಲ್ಲಿ ನೀರಿಗೆ 2 ಪಾಲು ಜಾಗ ಅಂತಿಟ್ಟುಕೊಳ್ಳಿ. ಒಂದು ಹೆಕ್ಟೇರ್‌ನಡಿ ಮಟ್ಟ 1 ಮೀಟರ್ ಇಳಿದರೆ ಹೋದದ್ದು 2 ಲಕ್ಷ ಲೀಟರ್. ಅದು ತುಂಬಲು 20 ಮಿಲಿಮೀಟರ್ ಮಳೆ ಬಿದ್ದರೆ ಸಾಲದು, ಅಷ್ಟೂ ಇಂಗಬೇಕು. ಅದೇ ಈಗ ಕಷ್ಟ. ಬಿಸಿ 1 ಡಿಗ್ರಿ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಜಾಸ್ತಿ ಆವಿ ಹಿಡಿಯಬಲ್ಲದು. ಹಾಗಾಗಿ ಮಳೆ ಸುರಿದರೆ ಒಮ್ಮೆಗೇ ಸುರಿದು ಹರಿದುಹೋಗುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಅದೇ ಬಿಸಿ ಗಾಳಿ ಎಲೆಯಿಂದ, ಮಣ್ಣಿನಿಂದ ನೀರು ಹೀರುತ್ತದೆ.

ಡ್ರಿಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಈಗ ಪೈಪಿನ ಮಾತಿಗೆ ಮುಂಚೆ, ಎಷ್ಟು ಜಾಗಕ್ಕೆ ಅಂತ ಕೂತು ಮಾತಾಡುತ್ತೇನೆ. ಮಳೆಗಾಲ ಮುಗಿದು ಬಿತ್ತನೆಗೆ ಮೊದಲು ಎಲ್ಲರೂ ಒಟ್ಟಿಗೆ ಅಳೆಯುತ್ತೇವೆ. ಅಕ್ಕಪಕ್ಕದ ಬಾವಿಯವರು ಇರಲೇಬೇಕು. ಒಬ್ಬರು ಉಳಿಸಿದ್ದನ್ನು ಇನ್ನೊಬ್ಬರ ಮೋಟಾರು ಎತ್ತಿಬಿಡುತ್ತೆ, ಅಲ್ವಾ?

ಹೋದ ಸಲ ಟೇಪು ಆ ರೈತರ ಕೈಲೇ ಇತ್ತು. ಒದ್ದೆ ಗುರುತನ್ನು ಬೆರಳಿಟ್ಟು ನೋಡಿದರು. 'ಬದುವಿನ ಆಚೆ ಈ ಸಲ ಬೇಡ ಬಿಡಿ ಸಾರ್' ಅಂದರು. ಟೇಪು ಒರೆಸಿಕೊಂಡು ಪಕ್ಕದವರ ಬಾವಿಗೆ ನಡೆದೆವು.