ಬಿಟ್ಟುಕೊಟ್ಟ ಪುಟದ ಮೇಲೆ ಉಳಿಯುವ ಹಿಡಿತ

ಕ್ಯಾಮೆರಾ ಬಳಸಲು ಆ್ಯಪ್ ಒಂದು ನಮ್ಮ ಅನುಮತಿ ಕೇಳಬೇಕು. ಪರದೆಯ ಮೇಲೆ ಚಿತ್ರ ಮೂಡಿಸಲು ಯಾರನ್ನೂ ಕೇಳಬೇಕಿಲ್ಲ. ಆದ್ದರಿಂದಲೇ ಆಂಡ್ರಾಯ್ಡ್‌ನಲ್ಲಿ ಸ್ಯಾಂಡ್‌ಬಾಕ್ಸ್ ಎಂಬ ಪ್ರತ್ಯೇಕ ಆವರಣದೊಳಗಿರುವ ತೀರಾ ಸಾಮಾನ್ಯ ಆ್ಯಪ್ ಕೂಡ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಗ್ರಾಫಿಕ್ಸ್ ಡ್ರೈವರ್‌ನೊಂದಿಗೆ, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶದೊಂದಿಗೆ, ನೇರವಾಗಿ ವ್ಯವಹರಿಸಬಲ್ಲದು. ಕರ್ನಲ್‌ನ ಭದ್ರತೆಯ ಬಗ್ಗೆ ಯೋಚಿಸುವಾಗಲೆಲ್ಲ ನನ್ನ ಗಮನ ಮೊದಲು ಹೋಗುವುದು ಇಲ್ಲಿಗೇ.

ಈ ಡ್ರೈವರ್‌ಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ದೋಷವೆಂದರೆ ಯೂಸ್-ಆಫ್ಟರ್-ಫ್ರೀ, ಅಂದರೆ ಬಿಟ್ಟುಕೊಟ್ಟ ಮೆಮೊರಿಯನ್ನು ಇನ್ನೂ ತನ್ನದೆಂದೇ ಬಳಸುವುದು. ಗ್ರಾಫಿಕ್ಸ್ ಚಿಪ್ ಆದ ಜಿಪಿಯು ವಿಷಯದಲ್ಲಿ ಇದು ವಿಶೇಷವಾಗಿ ಕಠಿಣ, ಏಕೆಂದರೆ ಮೆಮೊರಿಯ ಒಂದೇ ಭೌತಿಕ ಪುಟದ, ಅಂದರೆ ನಿಗದಿತ ಗಾತ್ರದ ತುಣುಕಿನ, ಲೆಕ್ಕವನ್ನು ಇಬ್ಬರು ಇಡುತ್ತಾರೆ: ಸಿಪಿಯುಗೆ ತನ್ನದೊಂದು ಪೇಜ್ ಟೇಬಲ್ (ಯಾವ ವಿಳಾಸಕ್ಕೆ ಯಾವ ಪುಟ ಎಂಬ ಪಟ್ಟಿ), ಜಿಪಿಯುಗೆ ಬೇರೆಯೇ ಒಂದು. ಪುಟವನ್ನು ಕರ್ನಲ್‌ಗೆ ಹಿಂದಿರುಗಿಸುವ ಮೊದಲು ಡ್ರೈವರ್ ಎರಡೂ ಕಡೆಯ ನಮೂದುಗಳನ್ನು ಅಳಿಸಿ, ಜಿಪಿಯುವಿನ ಟಿಎಲ್‌ಬಿಯಲ್ಲಿ (ಆ ಪಟ್ಟಿಯ ನಮೂದುಗಳನ್ನು ಬೇಗ ಸಿಗುವಂತೆ ಇಟ್ಟುಕೊಳ್ಳುವ ಜಾಗದಲ್ಲಿ) ಉಳಿದ ಹಳೆಯ ನಮೂದನ್ನೂ ತೆಗೆಸಬೇಕು. ಈ ಕ್ರಮ ಒಮ್ಮೆ ತಪ್ಪಿತೆಂದರೆ, ಕರ್ನಲ್ ಆ ಪುಟವನ್ನು ಬೇರೊಂದು ಪ್ರಕ್ರಿಯೆಗೋ, ತನ್ನದೇ ಪೇಜ್ ಟೇಬಲ್‌ಗೋ ವಹಿಸಿಕೊಟ್ಟ ಮೇಲೂ ಜಿಪಿಯು ಅದರೊಳಗೆ ಬರೆಯಬಲ್ಲದು.

ಇಂಥ ದೋಷದ ಮುಂದೆ ಸಿಪಿಯುವಿನ ಕಾವಲು ನಿಷ್ಪ್ರಯೋಜಕ. ಚಿಪ್ ವಿನ್ಯಾಸ ಸಂಸ್ಥೆ ಆರ್ಮ್‌ನ ಮೆಮೊರಿ ಟ್ಯಾಗಿಂಗ್ (ಮೆಮೊರಿಗೂ ಅದರ ವಿಳಾಸ ಹಿಡಿದ ಪಾಯಿಂಟರ್‌ಗೂ ಒಂದೇ ಗುರುತು ಹಾಕಿ, ಬಳಸುವಾಗ ಹೋಲಿಸುವ ಕಾವಲು) ಸಕ್ರಿಯವಾಗಿದ್ದ ಪಿಕ್ಸೆಲ್ 8 ಫೋನ್‌ನಲ್ಲೂ, ಆರ್ಮ್‌ನದೇ ಜಿಪಿಯು ಆದ ಮಾಲಿಯ ಡ್ರೈವರ್‌ನ ಸಿವಿಇ-2023-6241 ಎಂಬ ದೋಷದ ಮೂಲಕ ಕರ್ನಲ್ಲನ್ನು ವಶಪಡಿಸಿಕೊಳ್ಳಬಹುದೆಂದು ಗಿಟ್‌ಹಬ್ ಸೆಕ್ಯುರಿಟಿ ಲ್ಯಾಬ್ 2024ರಲ್ಲಿ ತೋರಿಸಿತು. ಟ್ಯಾಗ್ ಹೋಲಿಸಿ ನೋಡುವುದು ಸಿಪಿಯು ಪಾಯಿಂಟರ್‌ಗಳನ್ನು. ಜಿಪಿಯು ಭೌತಿಕ ಪುಟವನ್ನು ಮುಟ್ಟುವ ದಾರಿಯಲ್ಲಿ ಆ ತಪಾಸಣೆಯೇ ಇಲ್ಲ. ಆ ವಿವರಣೆಯನ್ನು ಓದುವವರೆಗೆ ನಾನು ಟ್ಯಾಗಿಂಗ್ ಮೇಲೆ ಅತಿಯಾದ ಭರವಸೆ ಇಟ್ಟಿದ್ದೆ.

ಯಾವ ಮೆಮೊರಿ ಯಾರದ್ದು ಎಂಬುದನ್ನು ಕಂಪೈಲರ್ ಮೊದಲೇ ಪರಿಶೀಲಿಸುವ ರಸ್ಟ್ ಭಾಷೆಯಲ್ಲಿ ಡ್ರೈವರ್ ಬರೆಯುವ ಪ್ರಯತ್ನಗಳನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆಪಲ್ ಚಿಪ್‌ಗಳಿಗಾಗಿ ಅಸಾಹಿ ಲಿನಕ್ಸ್ ತಂಡ ಬರೆದ ಡ್ರೈವರ್ ಇದೆ, ಎನ್ವಿಡಿಯಾ ಕಾರ್ಡ್‌ಗಳಿಗಾಗಿ ನೋವಾ ಎಂಬ ಡ್ರೈವರ್ ರೂಪುಗೊಳ್ಳುತ್ತಿದೆ. ಆದರೂ ಕಂಪೈಲರ್ ಕಾಯುವುದು ತನಗೆ ಕಾಣುವ ಮಾಲೀಕತ್ವವನ್ನು ಮಾತ್ರ. ಜಿಪಿಯು ಒಂದು ಪುಟವನ್ನು ನಿಜವಾಗಿ ಬಿಟ್ಟಿತೇ ಎಂಬುದನ್ನು ಟೈಪ್‌ಗಳಲ್ಲಿ ಸರಿಯಾಗಿ ಹೆಣೆಯಬೇಕಾದವರು ಮನುಷ್ಯರೇ.

ದೋಷ ಸರಿಪಡಿಸಿದ ಮೇಲೂ ಆ ಪರಿಹಾರ ಫೋನಿಗೆ ತಲುಪಬೇಕು. 2022ರ ಜುಲೈ ಮತ್ತು ಆಗಸ್ಟ್‌ನಲ್ಲಿ ಆರ್ಮ್ ಸರಿಪಡಿಸಿದ್ದ ಮಾಲಿ ದೋಷಗಳು ನವೆಂಬರ್‌ನಲ್ಲಿಯೂ ತಾನು ಪರೀಕ್ಷಿಸಿದ ಫೋನ್‌ಗಳಲ್ಲಿ ಹಾಗೆಯೇ ಇದ್ದವೆಂದು ಗೂಗಲ್‌ನ ಭದ್ರತಾ ಸಂಶೋಧನಾ ತಂಡ ಪ್ರಾಜೆಕ್ಟ್ ಜೀರೋ ಬರೆಯಿತು. ಆ ತಿಂಗಳುಗಳಲ್ಲಿ ಪರಿಹಾರದ ಕೋಡ್ ಬಹಿರಂಗವಾಗಿಯೇ ಇತ್ತು. ದೋಷವೆಲ್ಲಿದೆ ಎಂಬುದನ್ನು ಅದನ್ನು ಓದಿದ ಯಾರು ಬೇಕಾದರೂ ಗುರುತಿಸಬಹುದಿತ್ತು.